ತರಬೇತಿ ಮುಗಿದ ಮೇಲೆ ಒಮ್ಮೆ ಬಂದು ನೋಡಿ: ಕುಟುಂಬ ವೈದ್ಯೆಯೊಬ್ಬಳ ಬಹಿರಂಗ ಪತ್ರ

ಇವರಿಗೆ,
ರಾಜ್ಯದ ಆರೋಗ್ಯ ಇಲಾಖೆಯಲ್ಲಿ ತರಬೇತಿಯ ಹೊಣೆ ಹೊತ್ತಿರುವ ಹಿರಿಯ ಅಧಿಕಾರಿಗಳು, ವೈದ್ಯರ ನೋಂದಣಿ ನವೀಕರಿಸುವ ಪರಿಷತ್ತಿನ ಸದಸ್ಯರು, ಮತ್ತು ನಮಗೆ ಪಾಠ ಹೇಳಲು ಬರುವ ವೈದ್ಯಕೀಯ ಕಾಲೇಜುಗಳ ಪ್ರಾಧ್ಯಾಪಕರು

ಮಾನ್ಯರೇ,

ಯುಗಾದಿಗೆ ಮುಂಚೆ ಕ್ಲಿನಿಕ್ಕಿಗೆ ಸುಣ್ಣ ಹೊಡೆಸಲು ಗೋಡೆಯ ಮೇಲಿದ್ದ ತರಬೇತಿ ಪ್ರಮಾಣಪತ್ರಗಳನ್ನೆಲ್ಲ ಇಳಿಸಿದೆ. ಎಣಿಸಿದರೆ 17 ಇದ್ದವು. ಸಕ್ಕರೆ ಕಾಯಿಲೆಯವರ ಪಾದ ಪರೀಕ್ಷೆ, ಇಸಿಜಿ ಓದುವುದು, ಹುಟ್ಟಿದ ಕೂಸಿಗೆ ಉಸಿರು ಕೊಡುವುದು, ಇನ್‌ಹೇಲರ್ ಹೇಳಿಕೊಡುವುದು, ಖಿನ್ನತೆ ಗುರುತಿಸುವುದು, ಆಂಟಿಬಯಾಟಿಕ್ ಮಿತವಾಗಿ ಬರೆಯುವುದು. ಒಂದು ದಿನದ್ದು, ಎರಡು ದಿನದ್ದು, ಕೆಲವು ಅರ್ಧ ದಿನದ್ದು. ಒಂದೊಂದರ ಧೂಳು ಒರೆಸುತ್ತ, ಇದಾದ ಮೇಲೆ ನನ್ನ ಮೇಜಿನ ಮುಂದೆ ಕೂತ ರೋಗಿಗೆ ಏನು ಬೇರೆ ಸಿಕ್ಕಿತು ಎಂದು ನೆನಪು ಮಾಡಿಕೊಂಡೆ. ನಾಲ್ಕಕ್ಕೆ ಮಾತ್ರ ಏನಾದರೂ ಹೇಳಲು ಸಾಧ್ಯವಾಯಿತು. ಆ ನಾಲ್ಕರಲ್ಲೂ ಬದಲಾವಣೆ ತಂದದ್ದು ತರಬೇತಿಯ ದಿನವಲ್ಲ, ಅದರ ನಂತರ ನಡೆದ ಬೇರೊಂದು ಸಂಗತಿ. ಅದೇನೆಂದು ನಿಮಗೆ ತಿಳಿಸಲು ಈ ಪತ್ರ.

ನಾನು ಎಂಬಿಬಿಎಸ್ ಮುಗಿಸಿ ಆರು ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಆಮೇಲೆ ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಸ್ವಂತ ಕ್ಲಿನಿಕ್ ತೆರೆದೆ. ಸಂತೆಯ ದಿನ ಬೆಳಗಿನ ನಾಲ್ಕು ಗಂಟೆಯಲ್ಲಿ 90 ಜನರನ್ನು ನೋಡುತ್ತೇನೆ. ಒಬ್ಬರಿಗೆ ಮೂರು ನಿಮಿಷವೂ ಸಿಗುವುದಿಲ್ಲ. ಇದು ಹೆಚ್ಚುಗಾರಿಕೆಯ ಮಾತಲ್ಲ, ನಾಚಿಕೆಯ ಮಾತೂ ಅಲ್ಲ. ರಾಜ್ಯದ ಸಾವಿರಾರು ಕುಟುಂಬ ವೈದ್ಯರ ದಿನಚರಿ ಹೀಗೇ ಇದೆ. ನಾನು ಹೋದ ಯಾವ ತರಬೇತಿಯಲ್ಲೂ ಈ ಮೂರು ನಿಮಿಷದ ಪ್ರಸ್ತಾಪ ಬರಲಿಲ್ಲ.

ಮೊದಲು ಒಂದು ರಾತ್ರಿಯ ವಿಷಯ ಹೇಳಬೇಕು. ಹೇಳದೆ ಮುಂದಿನ ಮಾತಿಗೆ ಬೆಲೆ ಬರುವುದಿಲ್ಲ.

2012ರ ಆಷಾಢ. ಅದಕ್ಕೆ ಎಂಟು ತಿಂಗಳ ಹಿಂದೆ ಹುಟ್ಟಿದ ಕೂಸಿಗೆ ಉಸಿರು ಕೊಡುವ ಎರಡು ದಿನದ ತರಬೇತಿಗೆ ಹೋಗಿ ಬಂದಿದ್ದೆ. ಚೆನ್ನಾಗಿಯೇ ಕಲಿಸಿದ್ದರು. ಬೊಂಬೆಯ ಮೇಲೆ ಅಂಬು ಬ್ಯಾಗ್, ಅಂದರೆ ಕೈಯಿಂದ ಒತ್ತಿ ಮಾಸ್ಕಿನ ಮೂಲಕ ಗಾಳಿ ಕೊಡುವ ಚೀಲ, ಹಿಡಿದು ಎದೆ ಏಳುವಂತೆ ಗಾಳಿ ಕೊಟ್ಟಾಗ ತರಬೇತುದಾರರು ಬೆನ್ನು ತಟ್ಟಿದ್ದರು. ಕೊನೆಯ ಪರೀಕ್ಷೆಯಲ್ಲಿ 20ಕ್ಕೆ 19 ಅಂಕ ಬಂದಿತ್ತು. ಆ ರಾತ್ರಿ ಎರಡು ಗಂಟೆಗೆ ನಮ್ಮ ಕೇಂದ್ರದಲ್ಲಿ ಹುಟ್ಟಿದ ಕೂಸು ಅಳಲಿಲ್ಲ. ಮೈ ನೀಲಿಯಾಗಿತ್ತು, ಕೈಕಾಲು ಜೋತುಬಿದ್ದಿದ್ದವು. ಒರೆಸಬೇಕು, ಬೆಚ್ಚಗಿಡಬೇಕು, ತಲೆ ಸರಿಯಾಗಿ ಇರಿಸಬೇಕು, ಒಂದು ನಿಮಿಷದೊಳಗೆ ಗಾಳಿ ಕೊಡಲು ಶುರುಮಾಡಬೇಕು. ಎಲ್ಲವೂ ಗೊತ್ತಿತ್ತು. ಬ್ಯಾಗ್ ಬೀರುವಿನಲ್ಲಿತ್ತು, ಬೀಗದ ಕೈ ಹಗಲು ಪಾಳಿಯ ಸಿಸ್ಟರ್ ಹತ್ತಿರ ಇತ್ತು. ನಮ್ಮ ಆಯಾ ಬೀಗ ಒಡೆದು ಬ್ಯಾಗ್ ತಂದುಕೊಡುವಷ್ಟರಲ್ಲಿ ಒಂದು ನಿಮಿಷ ಎಂದೋ ಮುಗಿದಿತ್ತು. ಕೈಗೆ ಬಂದ ಮೇಲೂ ಮಾಸ್ಕ್ ಕೂಸಿನ ಮುಖಕ್ಕೆ ಕೂರಲಿಲ್ಲ. ಗಾಳಿ ಬದಿಯಿಂದ ಸೋರುತ್ತಿತ್ತು, ಎದೆ ಏಳಲಿಲ್ಲ. ಕತ್ತಿನ ಕೋನ ಸರಿಪಡಿಸಬೇಕೆಂದು ಹೊಳೆಯಲು ಇನ್ನೂ ಎಷ್ಟು ಹೊತ್ತು ಹಿಡಿಯಿತೋ ಹೇಳಲಾರೆ.

ಕೂಸು ಉಸಿರಾಡಿತು. 108ರಲ್ಲಿ ಜಿಲ್ಲಾಸ್ಪತ್ರೆಗೆ ಕಳಿಸಿದೆವು, ಬದುಕಿತು. ಎರಡು ವರ್ಷದ ಮೇಲೆ ತಾಯಿ ಅದನ್ನು ಸೊಂಟದ ಮೇಲೆ ಕೂರಿಸಿಕೊಂಡು ನೆಗಡಿಗೆಂದು ಬಂದಳು. ಮಗುವಿಗೆ ಆಧಾರವಿಲ್ಲದೆ ಕೂರಲು ಆಗುತ್ತಿರಲಿಲ್ಲ. ಅವಳು ನನ್ನನ್ನು ಬೈಯಲಿಲ್ಲ. "ನೀವಿದ್ರಿ ಅಂತ ಉಳೀತ್ರಿ ಡಾಕ್ಟರಮ್ಮಾ" ಅಂದಳು. ಆ ಮಾತನ್ನು ನಾನು ಇವತ್ತಿಗೂ ಹೊತ್ತುಕೊಂಡು ತಿರುಗುತ್ತಿದ್ದೇನೆ.

ತರಬೇತಿಗೂ ಆ ರಾತ್ರಿಗೂ ನಡುವಿನ ಎಂಟು ತಿಂಗಳಲ್ಲಿ ನಾನು ಅಂಬು ಬ್ಯಾಗನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಮುಟ್ಟುವ ಸಂದರ್ಭವೇ ಬಂದಿರಲಿಲ್ಲ. ಹುಟ್ಟುವ 10 ಕೂಸುಗಳಲ್ಲಿ ಸುಮಾರು ಒಂದಕ್ಕೆ ಉಸಿರಾಡಲು ಏನಾದರೂ ನೆರವು ಬೇಕಾಗುತ್ತದೆ. ಅವುಗಳಲ್ಲೂ ಬಹುಪಾಲು ಒರೆಸಿ ಬೆನ್ನು ಸವರಿದರೆ ಅಳುತ್ತವೆ. ಬ್ಯಾಗ್ ಬೇಕಾಗುವುದು ಇನ್ನೂ ಕಡಿಮೆ ಕೂಸುಗಳಿಗೆ. ತಿಂಗಳಿಗೆ ಹತ್ತೋ ಹನ್ನೆರಡೋ ಹೆರಿಗೆಯಾಗುವ ಕೇಂದ್ರದಲ್ಲಿ ಅಂಥ ಗಳಿಗೆ ಬರುವುದು ಹಲವು ತಿಂಗಳಿಗೊಮ್ಮೆ, ಬಂದಾಗ ಸಿಗುವ ಸಮಯ ಒಂದೇ ನಿಮಿಷ. ಇಂಥ ಕೌಶಲ ತಾನಾಗಿಯೇ ತುಕ್ಕು ಹಿಡಿಯುತ್ತದೆ. ಯಾರೂ ಸೋಮಾರಿಗಳಾಗಬೇಕಿಲ್ಲ.

ಇದು ನನ್ನೊಬ್ಬಳ ಕಥೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಅಲ್ಲವೆಂದು ತಿಳಿದದ್ದು ಟಾಂಜಾನಿಯಾದ ಹೇಡಮ್ ಎಂಬ ಹಳ್ಳಿಗಾಡಿನ ಆಸ್ಪತ್ರೆಯ ವರದಿಗಳನ್ನು ಓದಿದಾಗ. ಅಲ್ಲಿನ ಹೆರಿಗೆ ಕೋಣೆಯ ಸಿಬ್ಬಂದಿಗೆ ಇದೇ ಕೌಶಲದಲ್ಲಿ ಒಂದು ದಿನದ ತರಬೇತಿ ಕೊಟ್ಟು, ತಿಂಗಳುಗಳ ಮೇಲೆ ಮತ್ತೆ ಅಳೆದು ನೋಡಿದರು. ಬೊಂಬೆಯ ಮೇಲೆ ಅವರ ಕೈ ಚೆನ್ನಾಗಿ ಸುಧಾರಿಸಿತ್ತು. ಹೆರಿಗೆ ಕೋಣೆಯಲ್ಲಿ ನಿಜವಾದ ಕೂಸಿನ ಮೇಲೆ ಏನೂ ಸುಧಾರಿಸಿರಲಿಲ್ಲ. 2013ರಲ್ಲಿ ಅವರು ಇದನ್ನು ಮುಚ್ಚಿಡದೆ ಪ್ರಕಟಿಸಿದರು. ಆಮೇಲೆ ಮಾಡಿದ್ದು ಇನ್ನೂ ಮುಖ್ಯ. ಬೊಂಬೆಯನ್ನು ಹೆರಿಗೆ ಕೋಣೆಯ ಪಕ್ಕದಲ್ಲೇ ಇಟ್ಟರು. ಪಾಳಿಗೆ ಬಂದವರು ಕೆಲವೇ ನಿಮಿಷ ಅದರ ಮೇಲೆ ಕೈ ಆಡಿಸಬೇಕು, ಪದೇ ಪದೇ, ಅಲ್ಲೇ, ತಮ್ಮವರ ಮುಂದೆಯೇ. ಹುಟ್ಟಿದ 24 ಗಂಟೆಯೊಳಗಿನ ಸಾವು 1,000 ಜನನಗಳಿಗೆ 11.1ರಿಂದ 7.2ಕ್ಕೆ ಇಳಿಯಿತು. ಬೊಂಬೆ ಅದೇ, ಪಾಠ ಅದೇ. ಬದಲಾದದ್ದು ಎಲ್ಲಿ ಕಲಿತರು, ಎಷ್ಟು ಸಲ ಕಲಿತರು ಎಂಬುದು.

ನಮ್ಮ ರಾಜ್ಯದ್ದೇ ಅನುಭವವೂ ಇದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಹಿಡಿದು ದೊಡ್ಡ ಆಸ್ಪತ್ರೆಗಳವರೆಗೆ ಹೆರಿಗೆ ಮಾಡಿಸುವ 599 ಜನರಿಗೆ ಇದೇ ತರಬೇತಿ ಕೊಟ್ಟರು. ಸತ್ತು ಹುಟ್ಟಿದವೆಂದು ದಾಖಲಾಗುವ ಕೂಸುಗಳ ಪ್ರಮಾಣ ಶೇ 3.0ರಿಂದ ಶೇ 2.3ಕ್ಕೆ ಇಳಿಯಿತು. ಹೆರಿಗೆಯ ಹೊತ್ತಿನಲ್ಲೇ ತೀರಿಕೊಂಡವೆಂದು ಬರೆಯುವ ಕೂಸುಗಳ ಪ್ರಮಾಣ ಶೇ 1.7ರಿಂದ ಶೇ 0.9 ಆಯಿತು. ಅಂದರೆ, ಮೊದಲು ಸತ್ತಿದೆಯೆಂದು ಬದಿಗಿಡುತ್ತಿದ್ದ ಎಷ್ಟೋ ಕೂಸುಗಳಿಗೆ ಈಗ ಯಾರೋ ಗಾಳಿ ಕೊಟ್ಟು ನೋಡುತ್ತಿದ್ದರು. ತಿಂಗಳೊಳಗಿನ ಶಿಶು ಮರಣ ಮಾತ್ರ ಇಳಿಯಲಿಲ್ಲ. ಉಸಿರು ಬಂದ ಕೂಸಿಗೆ ಮುಂದಿನ ದಿನಗಳಲ್ಲಿ ಬೇಕಾದ ಆರೈಕೆ ಬೇರೆಯೇ ವ್ಯವಸ್ಥೆಯ ಕೆಲಸ ಎಂದು ನನಗನ್ನಿಸುತ್ತದೆ. ಆದ್ದರಿಂದ ಅಲ್ಪಾವಧಿ ತರಬೇತಿಯೆಲ್ಲ ದಂಡ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಬೆಳಗಾವಿಯ ಆ ಕೂಸುಗಳಿಗೆ ಅನ್ಯಾಯ ಮಾಡಿದಂತೆ.

ಜಗತ್ತಿನ ಲೆಕ್ಕ ಬೇಕೆಂದರೆ ಅದೂ ಇದೆ. ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಬಳಗ 2009ರಲ್ಲಿ ವೈದ್ಯಕೀಯ ತರಬೇತಿ ಸಭೆಗಳ ಬಗೆಗಿನ 81 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿತು. ತರಬೇತಿ ಪಡೆದವರ ದಿನನಿತ್ಯದ ಕೆಲಸದಲ್ಲಿ ಕಂಡ ಸುಧಾರಣೆ ಸರಿಸುಮಾರು ಶೇ 6. ಅಂದರೆ 100 ಸಂದರ್ಭಗಳಲ್ಲಿ ಆರರಲ್ಲಿ ಮೊದಲಿಗಿಂತ ಸರಿಯಾದ ಕೆಲಸ ಆಯಿತು. 2021ರಲ್ಲಿ 215 ಅಧ್ಯಯನಗಳನ್ನು ಸೇರಿಸಿಕೊಂಡು ಮತ್ತೆ ನೋಡಿದಾಗಲೂ ಉತ್ತರ ಹೆಚ್ಚೇನೂ ಬದಲಾಗಲಿಲ್ಲ. ಆರು ಅಂದರೆ ಸೊನ್ನೆಯಲ್ಲ, ಆ ಆರು ಜನ ಯಾರದೋ ಅಪ್ಪ, ಯಾರದೋ ಮಗಳು. ಆದರೆ ನಾವು ತರಬೇತಿ ಮುಗಿಸಿ, ಗುಂಪು ಫೋಟೋ ತೆಗೆಸಿಕೊಂಡು, ಇಷ್ಟು ಸಾವಿರ ವೈದ್ಯರು ಸಜ್ಜಾದರು ಎಂದು ವರದಿ ಬರೆಯುವಾಗ ನೂರಕ್ಕೆ ನೂರು ಬದಲಾದಂತೆ ಬರೆಯುತ್ತೇವೆ. ನನ್ನ ದೂರು ಆ ವರದಿಯ ಬಗ್ಗೆ. ತರಬೇತಿ ಸಭಾಂಗಣದ ಬಾಗಿಲಲ್ಲಿ ಮುಗಿಯಿತೆಂದು ಅದು ನಂಬಿಸುತ್ತದೆ.

ಈಗ ಪಾದಗಳ ವಿಷಯ.

ಸಕ್ಕರೆ ಕಾಯಿಲೆಯವರ ಪಾದದಲ್ಲಿ ಸ್ಪರ್ಶಜ್ಞಾನ ಇದೆಯೋ ಇಲ್ಲವೋ ಎಂದು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಮುಟ್ಟಿ ನೋಡುವುದನ್ನು ಒಂದು ಭಾನುವಾರ ಹೋಟೆಲಿನ ಸಭಾಂಗಣದಲ್ಲಿ ಕಲಿಸಿದರು. ಎಳೆಯನ್ನೂ ಕೊಟ್ಟು ಕಳಿಸಿದರು. ಮೂರು ವಾರ ಉತ್ಸಾಹದಿಂದ ಬಳಸಿದೆ. ಆಮೇಲೆ ಅದು ಡ್ರಾಯರಿಗೆ ಹೋಯಿತು. ಯಾರಾದರೂ ಕೇಳಿದರೆ, ಬೂಟು ಕಾಲುಚೀಲ ಬಿಚ್ಚಿಸಿ ನೋಡುವಷ್ಟು ಪುರುಸೊತ್ತು ಎಲ್ಲಿದೆ ಎನ್ನುತ್ತಿದ್ದೆ. ಇಂಗ್ಲಿಷ್ ಪುಸ್ತಕದಲ್ಲಿ ಓದಿದ ಮಾತು ಅದು. ನನ್ನ ಕ್ಲಿನಿಕ್ಕಿನಲ್ಲಿ ಎಲ್ಲರೂ ಚಪ್ಪಲಿ ಹೊರಗೇ ಬಿಟ್ಟು ಬರುತ್ತಾರೆ. ಬರಿಗಾಲು ದಿನವೂ ನನ್ನ ಮೇಜಿನ ಕೆಳಗೇ ಇರುತ್ತಿತ್ತು, ನಾನು ಬಗ್ಗಿ ನೋಡುತ್ತಿರಲಿಲ್ಲ. ಹತ್ತು ವರ್ಷದಿಂದ ನನ್ನಲ್ಲೇ ಮಾತ್ರೆ ಬರೆಸಿಕೊಳ್ಳುತ್ತಿದ್ದ ಒಬ್ಬ ಹಮಾಲರು ಒಂದು ದಿನ ವಾಸನೆ ಬರುವ ಗಾಯದೊಂದಿಗೆ ಬಂದರು. ಮುಳ್ಳು ಚುಚ್ಚಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಎರಡು ಬೆರಳು ತೆಗೆದರು. ಮೂಟೆ ಹೊರುವ ಕೆಲಸ ಅಲ್ಲಿಗೆ ನಿಂತಿತು.

ನನ್ನ ಅಭ್ಯಾಸ ಬದಲಾದದ್ದು ಅದರ ಮರುವರ್ಷ. ಸ್ನೇಹಿತೆಯೊಬ್ಬಳು, ಅವಳೂ ವೈದ್ಯೆ, ಒಂದು ಬೆಳಿಗ್ಗೆ ಸುಮ್ಮನೆ ನನ್ನ ಕ್ಲಿನಿಕ್ಕಿನ ಮೂಲೆಯಲ್ಲಿ ಕೂತು ನಾನು ರೋಗಿಗಳನ್ನು ನೋಡುವುದನ್ನು ನೋಡಿದಳು. ಮಧ್ಯಾಹ್ನ ಊಟದ ಹೊತ್ತಿಗೆ ಎರಡೇ ಮಾತು ಹೇಳಿದಳು. ಮೇಜಿನ ಪಕ್ಕ ಕಾಲಿಡಲು ಒಂದು ಗಿಡ್ಡ ಸ್ಟೂಲ್ ತಂದಿಡು. ಶುಗರ್ ಇದ್ದವರು ಒಳಗೆ ಬಂದ ತಕ್ಷಣ ಕಾಲನ್ನು ಅದರ ಮೇಲಿಡಿಸುವ ಕೆಲಸ ಸಿಸ್ಟರಿಗೆ ಬಿಡು. ಅಷ್ಟೇ. ಬಡಗಿ 350 ರೂಪಾಯಿಗೆ ಸ್ಟೂಲ್ ಮಾಡಿಕೊಟ್ಟ. ಕಾಲು ಕಣ್ಣಿನ ಮಟ್ಟಕ್ಕೆ ಬಂದ ಮೇಲೆ ನೋಡದೆ ಇರಲು ಆಗುವುದಿಲ್ಲ. ತಿಂಗಳ ಮೇಲೆ ಅವಳೇ ಫೋನ್ ಮಾಡಿ "ಎಷ್ಟು ಜನರ ಕಾಲು ನೋಡಿದೆ?" ಎಂದು ಕೇಳಿದಳು. ಆ ಪ್ರಶ್ನೆಗೆ ಹೆದರಿಯೇ ನಾನು ಪುಸ್ತಕದಲ್ಲಿ ಗುರುತು ಹಾಕತೊಡಗಿದ್ದು. ಒಬ್ಬ ವೈದ್ಯೆಯ ಅರ್ಧ ದಿನ, ಒಂದು ಸ್ಟೂಲ್, ಒಂದು ಫೋನ್. ಹೋಟೆಲಿನ ಒಂದು ಊಟದ ಖರ್ಚಿಗಿಂತ ಅದು ಹೆಚ್ಚೇನಲ್ಲ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಇನ್ನೊಂದು, ನನಗೆ ಎಲ್ಲಕ್ಕಿಂತ ಹತ್ತಿರದ ವಿಷಯ, ಭಾಷೆಯದು. ನಮಗೆ ತರಬೇತಿ ಇಂಗ್ಲಿಷಿನಲ್ಲಿ ನಡೆಯುತ್ತದೆ, ಚಿಕಿತ್ಸೆ ಕನ್ನಡದಲ್ಲಿ ನಡೆಯುತ್ತದೆ. ಔಷಧದ ಪ್ರಮಾಣ ಕಲಿಯಲು ಇದರಿಂದ ತೊಂದರೆಯಿಲ್ಲ. ಖಿನ್ನತೆ ಗುರುತಿಸಲು ಕಲಿಯುವಾಗ ಇಡೀ ಕೌಶಲವೇ ಮಾತಿನಲ್ಲಿರುತ್ತದೆ. ಒಂಬತ್ತು ಪ್ರಶ್ನೆಗಳ ಇಂಗ್ಲಿಷ್ ಹಾಳೆ ಕೊಟ್ಟರು. ಅದನ್ನು ಹಿಡಿದು ನನ್ನ ಮುಂದೆ ಕೂತ ಹೆಣ್ಣುಮಗಳಿಗೆ ಏನು ಕೇಳಲಿ? "ನಿಮಗೆ ಖಿನ್ನತೆ ಇದೆಯೇ" ಎಂದರೆ ನಮ್ಮಲ್ಲಿ ಯಾರೂ ಹೌದೆನ್ನುವುದಿಲ್ಲ. ಅವಳು ಹೇಳುವುದು ಮೈಯೆಲ್ಲ ಉರಿ, ತಲೆ ಭಾರ, ಎದೆ ಡವಡವ, ಕೈಕಾಲಲ್ಲಿ ಕಸುವಿಲ್ಲ. ಕೊನೆಗೆ, "ಗ್ಲುಕೋಸ್ ಒಂದ್ ಬಾಟ್ಲಿ ಏರಿಸ್ರಿ ಡಾಕ್ಟರಮ್ಮಾ." ನಾನು ಏರಿಸುತ್ತಿದ್ದೆ. ಬಿ ಕಾಂಪ್ಲೆಕ್ಸ್ ಹಾಕುತ್ತಿದ್ದೆ. ಒಬ್ಬಳಿಗೇ ವರ್ಷದಲ್ಲಿ ಹತ್ತು ಸಲ.

2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರತೊಡಗಿದರು. ನಮ್ಮ ಊರಿಗೆ ಬರುತ್ತಿದ್ದವರ ಅನುಮತಿ ಪಡೆದು ನಾನು ಕೆಲವು ಮಂಗಳವಾರ ಅವರ ಪಕ್ಕ ಒಂದೊಂದು ಗಂಟೆ ಕೂತೆ, ನನ್ನ ರೋಗಿಗಳನ್ನೇ ಕರೆದುಕೊಂಡು ಹೋಗಿ. ಅವರು ಹಾಳೆ ಮುಟ್ಟಲಿಲ್ಲ. "ನಿದ್ದಿ ಹೆಂಗ ಹತ್ತೈತವ್ವಾ? ನಸುಕಿನ್ಯಾಗ ಎಚ್ಚರ ಆಗಿ ಮತ್ತ ನಿದ್ದಿ ಬರೂದಿಲ್ಲೇನು? ಅಡಗಿ ಮಾಡಾಕ ಮದ್ಲಿನಂಗ ಮನಸ್ಸಾಗ್ತೈತಿ?" ಎಂದು ಕೇಳಿದರು. ಮೂರನೆಯ ಪ್ರಶ್ನೆಗೆ ಆ ಹೆಣ್ಣುಮಗಳು ಅಳತೊಡಗಿದಳು. ನಾಲ್ಕು ವರ್ಷದಿಂದ ನನ್ನ ಹತ್ತಿರ ಬರುತ್ತಿದ್ದವಳು ಅವಳು, ನನ್ನ ಮುಂದೆ ಒಂದು ದಿನವೂ ಅತ್ತಿರಲಿಲ್ಲ. ನಾನು ಅಲ್ಲಿ ಕಲಿತದ್ದು ಆ ಮೂರು ವಾಕ್ಯಗಳನ್ನು. ಅವು ಮೂರು ನಿಮಿಷದೊಳಗೆ ಹಿಡಿಸುತ್ತವೆ. ಇವತ್ತು ಮೈ ಉರಿ ಎಂದು ಬಂದವರಿಗೆ ಡ್ರಿಪ್ ಏರಿಸುವ ಮೊದಲು ಆ ಮಾತು ನನ್ನ ಬಾಯಿಗೆ ತಾನಾಗಿ ಬರುತ್ತದೆ.

ಇದು ನನ್ನ ಹೊಸ ಶೋಧವೇನಲ್ಲ. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲೇ ಸಕಲವಾರದ ಗ್ರಾಮೀಣ ಘಟಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ಕಾಯಿಲೆಗಳ ಬಗ್ಗೆ ಕಲಿಸುವ ಪ್ರಯೋಗ ಆರಂಭಿಸಿತು. 1985ರಲ್ಲಿ ಅದು ಬಳ್ಳಾರಿ ಜಿಲ್ಲೆಗೆ ಹೋಯಿತು. ಅದೇ ಮಾದರಿಯಾಗಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಹೀಗಿದ್ದೂ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಖಿನ್ನತೆ ಆತಂಕಗಳಂಥ ಸಾಮಾನ್ಯ ಮಾನಸಿಕ ತೊಂದರೆಯಿದ್ದವರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಈಚಿನ ವರ್ಷಗಳಲ್ಲಿ ಅದೇ ನಿಮ್ಹಾನ್ಸ್‌ನ ವೈದ್ಯರು ದಾರಿ ಬದಲಿಸಿದ್ದಾರೆ. ವೈದ್ಯರನ್ನು ತರಗತಿಗೆ ಕರೆಯುವ ಬದಲು, ಅವರು ತಮ್ಮದೇ ಓಪಿಡಿಯಲ್ಲಿ ತಮ್ಮದೇ ರೋಗಿಗಳನ್ನು ನೋಡುತ್ತಿರುವಾಗ ಪಕ್ಕದಲ್ಲಿದ್ದು, ಅಥವಾ ವಿಡಿಯೊ ಮೂಲಕ ಜೊತೆಗೂಡಿ ಕಲಿಸುತ್ತಾರೆ. ನನಗೆ ಮಂಗಳವಾರಗಳಲ್ಲಿ ಆಕಸ್ಮಿಕವಾಗಿ ಸಿಕ್ಕಿದ್ದನ್ನು ಅವರು ಪದ್ಧತಿಯಾಗಿ ಮಾಡಿದ್ದಾರೆ. ಇಂಥದ್ದು ನಮ್ಮ ರಾಜ್ಯದಲ್ಲೇ ಇರುವಾಗ ಉಳಿದ ವಿಷಯಗಳಿಗೆ ಯಾಕೆ ಹೋಟೆಲಿನ ಭಾನುವಾರವೇ ಆಗಬೇಕು?

ಇಸಿಜಿ ತರಬೇತಿ ನನ್ನಲ್ಲಿ ಉಳಿದದ್ದಕ್ಕೆ ಕಾರಣ ಬೇರೆ. ಹೃದಯಾಘಾತ ಗುರುತಿಸಲು ಕಲಿತಾಗ, ಗುರುತಿಸಿ ಏನು ಮಾಡುವುದು ಎಂಬುದಕ್ಕೆ ನಮ್ಮೂರಲ್ಲಿ ಉತ್ತರವಿರಲಿಲ್ಲ. ಕಾರು ಮಾಡಿಸಿಕೊಂಡು ಹುಬ್ಬಳ್ಳಿಗೋ ದಾವಣಗೆರೆಗೋ ಓಡಿ ಎನ್ನಬೇಕಿತ್ತು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಹೇಳುತ್ತಾರೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಸಿಗುತ್ತದೆ. ಈಗ ಎದೆ ಹಿಂಡುತ್ತದೆ ಎಂದು ಬಂದವರನ್ನು ನಾನು ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸುವುದಿಲ್ಲ. ನಾನು ಗುರುತಿಸಿದ್ದು ದಂಡವಾಗುವುದಿಲ್ಲ ಎಂಬ ಭರವಸೆ ಇದೆ. ಇನ್‌ಹೇಲರ್ ತರಬೇತಿ ಅರ್ಧ ಉಳಿಯಿತು, ಅರ್ಧ ಹೋಯಿತು. ಹೇಳಿಕೊಡಲು ಬರುತ್ತದೆ, ಕೊಳ್ಳಲು ರೋಗಿಗೆ ಆಗುವುದಿಲ್ಲ, ಕಡೆಗೆ ಮಾತ್ರೆಯನ್ನೇ ಬರೆಯುತ್ತೇನೆ. ಆಂಟಿಬಯಾಟಿಕ್ ತರಬೇತಿಯ ಬಗ್ಗೆ ಹೆಚ್ಚು ಹೇಳಲಾರೆ. ಬರೆಯದಿದ್ದರೆ ರೋಗಿ ಎದುರಿನ ಮೆಡಿಕಲ್ ಸ್ಟೋರಿನಲ್ಲಿ ಕೊಳ್ಳುತ್ತಾನೆ. ಈ ಜಗಳದಲ್ಲಿ ನಾನು ಅನೇಕ ಸಲ ಸೋತಿದ್ದೇನೆ.

ಮಾನ್ಯರೇ, ನೋಂದಣಿ ನವೀಕರಣಕ್ಕೆ ಐದು ವರ್ಷಕ್ಕೆ 30 ಗಂಟೆಗಳ ನಿರಂತರ ಕಲಿಕೆ ಎಂಬ ಲೆಕ್ಕವಿದೆ. 2002ರ ವೈದ್ಯಕೀಯ ನೀತಿ ನಿಯಮಗಳಿಂದ ಬಂದ ಲೆಕ್ಕ ಅದು. ಉದ್ದೇಶ ಒಳ್ಳೆಯದೇ. ಆದರೆ ಗಂಟೆ ಎಣಿಸಿದರೆ ಗಂಟೆಯೇ ಸಿಗುತ್ತದೆ. ಸಹಿ ಹಾಕಿ ಚಹಾ ಕುಡಿದು ಹೊರಟವರಿಗೂ, ಕೊನೆಯವರೆಗೆ ಬೊಂಬೆಯ ಮುಂದೆ ಬೆವರಿದವರಿಗೂ ಅಂಕ ಒಂದೇ. ಔಷಧ ಕಂಪನಿಗಳ ಸ್ಟಾಲುಗಳ ನಡುವೆ ನಡೆಯುವ ಕಾರ್ಯಾಗಾರಗಳಿಂದ ಹೊರಬಂದವರಿಗೆ ಕೌಶಲಕ್ಕಿಂತ ಹೊಸ ಮಾತ್ರೆಯ ಹೆಸರು ಹೆಚ್ಚು ದಿನ ನೆನಪಿರುತ್ತದೆ. ಇದನ್ನು ನನ್ನ ಚೀಟಿಗಳಲ್ಲೇ ಕಂಡಿದ್ದೇನೆ, ನೋವಿನಿಂದ ಹೇಳುತ್ತಿದ್ದೇನೆ.

ಆದ್ದರಿಂದ ನನ್ನ ಮೊದಲ ಕೋರಿಕೆ ಇದು. ಆ 30 ಗಂಟೆಗಳಲ್ಲಿ ಅರ್ಧದಷ್ಟನ್ನಾದರೂ ವೈದ್ಯರ ಸ್ವಂತ ಓಪಿಡಿಯಲ್ಲಿ ನಡೆಯುವ ಕಲಿಕೆಗೆ ಮೀಸಲಿಡಿ. ತರಬೇತುದಾರರೊಬ್ಬರು ಬಂದು ಒಂದು ಬೆಳಿಗ್ಗೆ ಪಕ್ಕದಲ್ಲಿ ಕೂರಲಿ, ತಿಂಗಳ ಮೇಲೆ ಮತ್ತೊಮ್ಮೆ, ಆರು ತಿಂಗಳ ಮೇಲೆ ಇನ್ನೊಮ್ಮೆ. ಬರಲಾಗದಿದ್ದರೆ ವಿಡಿಯೊ ಇದೆ. ಪಕ್ಕದೂರಿನ ಕುಟುಂಬ ವೈದ್ಯರು ಪರಸ್ಪರರ ಕ್ಲಿನಿಕ್ಕಿನಲ್ಲಿ ಕೂತು ನೋಡಿದರೂ ಅದಕ್ಕೆ ಅಂಕ ಕೊಡಿ. ನನ್ನ ಸ್ನೇಹಿತೆಯ ಆ ಅರ್ಧ ದಿನಕ್ಕೆ ಅವಳಿಗೂ ಅಂಕ ಬರಲಿಲ್ಲ, ನನಗೂ ಬರಲಿಲ್ಲ.

ಜೊತೆಗೆ ಕೂರುವವರು ಬೇಗ ಎದ್ದು ಹೋಗಬಾರದು ಎಂಬುದೂ ಮುಖ್ಯ. ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ಹೆರಿಗೆಯ ಹೊತ್ತಿನಲ್ಲಿ ತಪ್ಪದೆ ಮಾಡಬೇಕಾದ ಕ್ರಮಗಳ ಸುರಕ್ಷತಾ ಪಟ್ಟಿಯ ಬಳಕೆ ಬಗ್ಗೆ ದೊಡ್ಡ ಅಧ್ಯಯನವೊಂದು ನಡೆದು 2017ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಕೇಂದ್ರಗಳಿಗೆ ಎಂಟು ತಿಂಗಳು ಮಾರ್ಗದರ್ಶಕರು ಹೋಗಿಬರುತ್ತಿದ್ದರು. ಎರಡು ತಿಂಗಳಿಗೆ ಅಲ್ಲಿ ಸರಿಯಾಗಿ ನಡೆದ ಕ್ರಮಗಳು ಸುಮಾರು ಶೇ 73, ಉಳಿದ ಕೇಂದ್ರಗಳಲ್ಲಿ ಶೇ 42. ಮಾರ್ಗದರ್ಶಕರು ಹೋದ ಮೇಲೆ, 12ನೆಯ ತಿಂಗಳಿಗೆ, 73 ಇದ್ದದ್ದು 62ಕ್ಕೆ ಇಳಿದಿತ್ತು. ಇನ್ನೊಂದು ಕಹಿ ಸತ್ಯವೂ ಅದರಲ್ಲಿದೆ. ಸಿಬ್ಬಂದಿಯ ಅಭ್ಯಾಸ ಬದಲಾದರೂ ತಾಯಿ ಮಕ್ಕಳ ಸಾವು ನೋವಿನ ಪ್ರಮಾಣದಲ್ಲಿ ಎರಡೂ ಕಡೆ ವ್ಯತ್ಯಾಸ ಕಾಣಲಿಲ್ಲ. ಪಕ್ಕದಲ್ಲಿ ಕೂತು ಕಲಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಮಾತು ಕೊಡಲಾರೆ. ನುರಿತ ಕೈಗೆ ಔಷಧ, ಉಪಕರಣ, ಮುಂದೆ ಕಳಿಸಲು ಒಂದು ಆಸ್ಪತ್ರೆ, ಇವೂ ಬೇಕು. ಕೈಯೇ ನುರಿಯದಿದ್ದರೆ ಅವೆಲ್ಲ ಇದ್ದೂ ಬೀರುವಿನಲ್ಲಿರುತ್ತವೆ.

ಬೀರುವಿನ ಮಾತು ಬಂದಿದ್ದರಿಂದ ಹೇಳುತ್ತೇನೆ, ತುರ್ತು ಕೌಶಲ ಕಲಿಸಿದ ಪ್ರತಿ ಕೇಂದ್ರಕ್ಕೂ ಒಂದು ಬೊಂಬೆ ಕೊಡಿ. ಹೆರಿಗೆ ಕೋಣೆಯ ಪಕ್ಕದಲ್ಲೇ, ಬೀಗವಿಲ್ಲದೆ ಇರಲಿ. ವಾರಕ್ಕೊಮ್ಮೆ ಐದು ನಿಮಿಷ ವೈದ್ಯರು, ಸಿಸ್ಟರು, ಆಯಾ ಸೇರಿ ಕೈ ಆಡಿಸುವುದು ಪಾಳಿಯ ಕೆಲಸವೇ ಆಗಲಿ. ವೈದ್ಯರನ್ನು ಒಬ್ಬರನ್ನೇ ಕರೆದು ಕಲಿಸಬೇಡಿ. ಆ ರಾತ್ರಿ ನಮ್ಮ ಆಯಾಗೆ ಬ್ಯಾಗ್ ಹೇಗಿರುತ್ತದೆ ಎಂದೇ ಗೊತ್ತಿರಲಿಲ್ಲ, ನಾನು ಕೂಗಿ ಹೇಳಬೇಕಾಯಿತು.

ಪ್ರಾಧ್ಯಾಪಕರಲ್ಲಿ ನನ್ನ ಬೇಡಿಕೆ ಭಾಷೆಯದು. ರೋಗಿಯೊಡನೆ ಆಡುವ ಮಾತನ್ನು ಕನ್ನಡದಲ್ಲೇ ಕಲಿಸಿ, ಆ ಭಾಗದ ಕನ್ನಡದಲ್ಲಿ. ಹಾವೇರಿಯ ಪ್ರಶ್ನೆ ಮಂಡ್ಯದಲ್ಲಿ ನಡೆಯುವುದಿಲ್ಲ, ಮಂಡ್ಯದ್ದು ಕಾರವಾರದಲ್ಲಿ ನಡೆಯುವುದಿಲ್ಲ. ಎದೆನೋವು, ಸುಸ್ತು, ಬಿಳಿಮುಟ್ಟು, ಕುಡಿತ, ಸಾಯುವ ಯೋಚನೆ, ಇವನ್ನು ಹೇಗೆ ಕೇಳಬೇಕೆಂದು ಊರಿನ ನಾಲ್ಕು ಹಿರಿಯ ವೈದ್ಯರನ್ನು, ಆಶಾ ಕಾರ್ಯಕರ್ತೆಯರನ್ನು ಕೂರಿಸಿಕೊಂಡು ಬರೆದರೆ ಒಂದು ಹಾಳೆಯಲ್ಲಿ ಮುಗಿಯುತ್ತದೆ. ಅಂಥ ಹಾಳೆ ನನ್ನ 17 ತರಬೇತಿಗಳಲ್ಲಿ ಒಂದರಲ್ಲೂ ಸಿಕ್ಕಿಲ್ಲ.

ಕೊನೆಯ ಕೋರಿಕೆ ಅಳತೆಯದು. ತರಬೇತಿಯ ಕೊನೆಗೆ ನಡೆಸುವ ಪೋಸ್ಟ್ ಟೆಸ್ಟ್ ಅಂಕವನ್ನು ಸಾಧನೆಯೆಂದು ಬರೆಯುವುದನ್ನು ಬಿಡಿ. ಆರು ತಿಂಗಳ ಮೇಲೆ ಬಂದು ನನ್ನ 50 ಚೀಟಿ ತೆಗೆದು ನೋಡಿ, ಬಿಪಿ ಬರೆದಿದೆಯೇ, ಪಾದ ನೋಡಿದ ಗುರುತಿದೆಯೇ, ಬೇಡದ ಆಂಟಿಬಯಾಟಿಕ್ ಎಷ್ಟಿದೆ. ಶಿಕ್ಷಿಸುವುದಕ್ಕಲ್ಲ, ನನಗೆ ತಿಳಿಸುವುದಕ್ಕೆ. ನಮ್ಮ ಕೆಲಸ ಹೇಗಿದೆ ಎಂದು ಹೇಳುವವರೇ ಇಲ್ಲದೆ ನಾವು ಇಡೀ ಆಯುಷ್ಯ ಒಂಟಿಯಾಗಿ ಕೂತು ರೋಗಿಗಳನ್ನು ನೋಡುತ್ತೇವೆ. ನಾವು ಎಲ್ಲಿ ಜಾರಿದೆವು ಎಂದು ನಮಗೆ ಹೇಳುವುದು ಕಾಯಿಲೆಯೇ, ಅಷ್ಟರಲ್ಲಿ ಬೆರಳು ಹೋಗಿರುತ್ತದೆ.

ಈ ಪತ್ರ ಓದುವ ಸಾರ್ವಜನಿಕರಲ್ಲೂ ಒಂದು ವಿನಂತಿ. ನಿಮ್ಮ ವೈದ್ಯರು ಇಂಜೆಕ್ಷನ್ ಹಾಕದೆ ಎರಡು ಪ್ರಶ್ನೆ ಹೆಚ್ಚು ಕೇಳಿದ ದಿನ, ಅವರಿಗೆ ಕೈಗುಣ ಹೋಯಿತು ಎಂದು ಪಕ್ಕದ ಬೀದಿಗೆ ಹೋಗಬೇಡಿ. ಹೊಸದಾಗಿ ಕಲಿತದ್ದನ್ನು ಮಾಡಿ ನೋಡುವ ವೈದ್ಯರಿಗೆ ಮೊದಲ ವಾರ ಎದುರಾಗುವ ನಷ್ಟ ಅದು. ಎಷ್ಟೋ ಜನ ಅಲ್ಲೇ ಹಿಂದೆ ಸರಿಯುತ್ತಾರೆ.

ಸುಣ್ಣ ಒಣಗಿದೆ. ಪ್ರಮಾಣಪತ್ರಗಳನ್ನು ನಾನು ಮತ್ತೆ ತೂಗುಹಾಕಿಲ್ಲ. ಆ ಜಾಗದಲ್ಲಿ ಸಿಸ್ಟರ್ ಒಂದು ನೋಟ್‌ಬುಕ್ ನೇತುಹಾಕಿದ್ದಾಳೆ, ದಿನವೂ ಎಷ್ಟು ಜನ ಶುಗರಿನವರು ಬಂದರು, ಎಷ್ಟು ಜನರ ಪಾದ ನೋಡಿದೆವು ಎಂದು ಬರೆಯಲು. ಹೋದ ವಾರ 41 ಜನರಲ್ಲಿ 29. ಉಳಿದ 12 ಜನರನ್ನು ಯಾಕೆ ಬಿಟ್ಟೆ ಎಂದು ನನ್ನನ್ನು ಯಾರಾದರೂ ಕೇಳಬೇಕು. ನಿಮ್ಮ ತರಬೇತುದಾರರಲ್ಲಿ ಒಬ್ಬರನ್ನು ಕಳಿಸಿಕೊಡಿ. ಗುರುವಾರ ಸಂತೆ, ಆ ದಿನವೇ ಬಂದರೆ ಇನ್ನೂ ಒಳ್ಳೆಯದು. ಕೂರಲು ಕುರ್ಚಿ ಇದೆ.

ಇತಿ ತಮ್ಮ ವಿಶ್ವಾಸಿ,
ಹಾವೇರಿ ಜಿಲ್ಲೆಯ ಒಬ್ಬ ಕುಟುಂಬ ವೈದ್ಯೆ